ಹೊಲಿಗೆಯೊಳಗೆ ಹೋದ ಅಕ್ಷರ

ಕಾಳಿನ ವ್ಯಾಪಾರದ ಆ ಸಾವ್ಕಾರರು ನರಗುಂದದ ನನ್ನ ಡಿಟಿಪಿ ಅಂಗಡಿಗೆ ಬಂದಾಗ ಅವರಿಗೆ ನನ್ನ ಗುರುತು ಹತ್ತಲಿಲ್ಲ. ನನಗೆ ಮಾತ್ರ ಅವರ ಮುಖ ಕಂಡೊಡನೆ ಮೈಯೆಲ್ಲ ಉರಿಯಿತು.

ಎರಡು ವರ್ಷದ ಹಿಂದೆ ಅವರು ತಮ್ಮ ಮಗನಿಗೆಂದು ನನ್ನ ತಂಗಿಯನ್ನು ನೋಡಲು ಗಜೇಂದ್ರಗಡದ ನಮ್ಮ ಮನೆಗೆ ಬಂದಿದ್ದರು. ಅವಲಕ್ಕಿಯನ್ನು ಎರಡು ಸಲ ಹಾಕಿಸಿಕೊಂಡು ತಿಂದರು. ಮಗ್ಗದ ಮೇಲಿದ್ದ ಸೀರೆಯನ್ನು ಮುಟ್ಟಿ ನೋಡಿದರು. ಹೊರಡುವಾಗ ಅವ್ವನಿಗೆ, "ಹುಡಿಗಿ ಪಸಂದ ಅದಾಳ್ರಿ. ಊರಿಗೆ ಹೋಗಿ ಚಲೋ ದಿನಾ ನೋಡಿ ಹೇಳಿ ಕಳಸ್ತೀವಿ" ಅಂದರು. ಆ ಮಾತನ್ನು ನಂಬಿ ಅವ್ವ ರೋಣದಿಂದ ಬಂದ ಸಂಬಂಧವನ್ನು ಹಿಂದಕ್ಕೆ ಕಳಿಸಿದಳು. ಇವರಿಂದ ಸುದ್ದಿಯಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಅವರ ಮಗನ ಮದುವೆಯಾದದ್ದು ನಮಗೆ ಮೂರನೆಯವರ ಬಾಯಿಂದ ಗೊತ್ತಾಯಿತು.

ನೋಡಿ ಹೋದವರು ಸುಮ್ಮನಾದರೆಂದರೆ ಹುಡುಗಿಯಲ್ಲೇ ಏನೋ ಐಬಿರಬೇಕು ಎಂದು ಊರು ಮಾತಾಡಿಕೊಂಡಿತು. ಆಮೇಲೆ ಬಂದವರೂ ಅದನ್ನೇ ಕೆದಕಿ ಕೇಳಿ ಎದ್ದುಹೋದರು. ತಂಗಿ ಯಾರ ಎದುರಿಗೂ ಬರುವುದನ್ನು ಬಿಟ್ಟಳು. ಬೇಡ ಅಂದಿದ್ದರೆ ಒಂದು ದಿನ ಅತ್ತು ಸುಮ್ಮನಾಗುತ್ತಿದ್ದೆವು. ಬೇಡ ಅನ್ನಿಸಿಕೊಳ್ಳುವುದಕ್ಕೂ ನಾವು ಲಾಯಕ್ಕಿಲ್ಲ ಎಂದು ತಿಳಿದಿದ್ದರಲ್ಲ, ಅದನ್ನು ನಾನು ಮರೆತಿರಲಿಲ್ಲ.

ಈಗ ಅವರು ತೀರಿಹೋದ ತಂದೆಯ ಪುಣ್ಯಸ್ಮರಣೆಗೆ ಒಂದು ದಪ್ಪ ಪುಸ್ತಕ ಮಾಡಿಸಬೇಕೆಂದು ಬಂದಿದ್ದರು. ಬಂಧುಗಳು, ಸ್ನೇಹಿತರು ಬರೆದ ಲೇಖನಗಳು ಪೆನ್‌ಡ್ರೈವಿನಲ್ಲಿದ್ದವು. ಒಬ್ಬೊಬ್ಬರದು ಒಂದೊಂದು ವರ್ಡ್ ಫೈಲು, ಒಂದೊಂದರ ಅಂಚು ಒಂದೊಂದು ತರಹ. ಇಂಥದಕ್ಕೆಂದೇ ನಾನೊಂದು ಮ್ಯಾಕ್ರೊ ಬರೆದಿಟ್ಟುಕೊಂಡಿದ್ದೆ. ಅಳತೆ ಕೊಟ್ಟು ಗುಂಡಿ ಒತ್ತಿದರೆ ಸಾಕು, ಅದು ತಾನೇ ಒಂದೊಂದು ಫೈಲನ್ನೂ ತೆರೆದು ನಾಲ್ಕೂ ಕಡೆ ಅಂಚು ಸಮ ಮಾಡಿ, ಪುಸ್ತಕದ ಹೊಲಿಗೆ ಬೀಳುವ ಮಗ್ಗುಲಿಗೆ ಬೇರೆಯಾಗಿ ಜಾಗ ಬಿಟ್ಟು ಮುಚ್ಚುತ್ತದೆ.

ಒಂದು ಫೈಲಿಗೆ ಹಾಗೆ ಮಾಡಿ ತೋರಿಸಿದೆ. ಸಾವ್ಕಾರರು ಪರದೆಯ ಹತ್ತಿರ ಬಗ್ಗಿದರು.

"ಸುತ್ತಲೂ ಇಷ್ಟ್ಯಾಕ ಖಾಲಿ ಬಿಟ್ಟೀರಿ? ನಾವು ಚೀಲಾ ತುಂಬಿದ್ರ ಬಾಯಿತನಕಾ ತುಂಬತೀವಿ. ಹಂಗ ತುಂಬ್ರಿ."

"ಎಲ್ಲಾ ಪುಟಕ್ಕೂ ಹಂಗ ಮಾಡ್ಲೇನ್ರಿ?"

"ಎಲ್ಲಾ ಪುಟಕ್ಕೂ. ಮತ್ತ ಹೊಲಿಗಿನೂ ಗಟ್ಟಿ ಹಾಕಸ್ತೀನಿ, ಚೀಲದ ಬಾಯಿ ಹೊಲದಂಗ. ಒಂದು ಹಾಳಿನೂ ಕಿತ್ತು ಬರಬಾರದು."

ಬೇರೆ ಯಾರೇ ಆಗಿದ್ದರೂ, ಅಕ್ಷರಗಳು ಹೊಲಿಗೆಯೊಳಗೆ ಹೋಗುತ್ತವೆ ಎಂದು ಕೈಮುಗಿದು ಹೇಳುತ್ತಿದ್ದೆ. ಆ ಮಾತು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ಅಂಚುಗಳನ್ನು ನೂಲಿನಷ್ಟು ಸಣ್ಣ ಮಾಡಿ, ಹೊಲಿಗೆಯ ಜಾಗಕ್ಕೆ ಸೊನ್ನೆ ಹಾಕಿ, ಗುಂಡಿ ಒತ್ತಿದೆ. ಫೈಲುಗಳು ಒಂದರ ಹಿಂದೊಂದು ತೆರೆದು ಮುಚ್ಚಿದವು. ಅವರಿಗೆ ತರಿಸಿದ ಚಹಾ ಆರುವುದರೊಳಗೆ ಕೆಲಸ ಮುಗಿಯಿತು. ಪುಟ ಕಡಿಮೆಯಾದವೆಂದು ಖುಷಿಯಾಗಿ, ಛಾಪಿಸಲು ತಾವೇ ಹುಬ್ಬಳ್ಳಿಗೆ ಒಯ್ದರು.

ಪುಣ್ಯಸ್ಮರಣೆಯ ದಿನ ನನ್ನನ್ನೂ ಕರೆದಿದ್ದರು. ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಪೇಟೆಯ ವ್ಯಾಪಾರಿಗಳೆಲ್ಲ ನೆರೆದಿದ್ದರು. ಸಾವ್ಕಾರರು ತಂದೆಯ ಬಗ್ಗೆ ತಾವೇ ಬರೆದದ್ದನ್ನು ಓದಲು ನಿಂತರು. ಮೊದಲ ಸಾಲಿಗೇ ತಡವರಿಸಿದರು. ಪ್ರತಿ ಸಾಲಿನಲ್ಲೂ ಒಂದೆರಡು ಅಕ್ಷರ ಹೊಲಿಗೆಯ ಸಂದಿಯಲ್ಲಿ ಸೇರಿಹೋಗಿದ್ದವು. ಪುಸ್ತಕವನ್ನು ಎರಡೂ ಕೈಯಲ್ಲಿ ಅಗಲಿಸಿದರು, ಒಂದು ಕಣ್ಣು ಮುಚ್ಚಿ ಸಂದಿಯಲ್ಲಿ ಇಣುಕಿದರು. ಹೊಲಿಗೆ ಒಂದು ಎಳೆಯೂ ಸಡಿಲಲಿಲ್ಲ. ಮುಂದೆ ಕೂತವರಲ್ಲಿ ಯಾರೋ ಕಿಸಕ್ಕೆಂದರು. ತಂದೆಯ ಫೋಟೋದ ಎದುರಿಗೆ ಅವರ ಕಣ್ಣು ಒದ್ದೆಯಾದದ್ದನ್ನೂ ನೋಡಿದೆ. ಸುಳ್ಳು ಯಾಕೆ ಹೇಳಲಿ, ನನ್ನ ಹೊಟ್ಟೆ ತಣ್ಣಗಾಯಿತು. ಆ ದಿನ ಅವರ ಮನೆಯ ಗೋಧಿ ಹುಗ್ಗಿಯನ್ನು ನಾನೂ ಎರಡು ಸಲ ಹಾಕಿಸಿಕೊಂಡು ಉಂಡೆ.

ಮರುದಿನ ಪುಸ್ತಕ ಹಿಡಿದುಕೊಂಡು ಅಂಗಡಿಗೆ ಬಂದರು. ಸಿಟ್ಟಿರಲಿಲ್ಲ, ದನಿ ಸೋತಿತ್ತು.

"ಹಿಂಗ ಆಗ್ತದಂತ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ರಿ."

"ಮತ್ತ ಒಂದ ಮಾತು ಹೇಳಬಾರದಿತ್ತೇನ್ರಿ?"

"ಗಜೇಂದ್ರಗಡದಾಗ ನನ್ನ ತಂಗೀನ ನೋಡಿ, ಹೇಳಿ ಕಳಸ್ತೀವಿ ಅಂದು ಹೋದ್ರಿ. ನೀವೂ ಒಂದ ಮಾತು ಹೇಳಲಿಲ್ಲಲ್ರಿ, ಸಾವ್ಕಾರ್ರ."

ಅವರು ಆಗ ನನ್ನ ಮುಖವನ್ನು ಸರಿಯಾಗಿ ನೋಡಿದರು. ಗುರುತು ಹತ್ತಿತು. ಸ್ಟೂಲು ಎಳೆದುಕೊಂಡು ಕೂತರು. "ತಂಗಿ ಈಗ ಹ್ಯಾಂಗದಾಳ್ರಿ?" ಎಂದು ಕೇಳಿದರು.

ನಾನು ಮುಂದಿನ ಗಿರಾಕಿಯ ಫೈಲು ತೆರೆದೆ. ಅವರು ಉತ್ತರಕ್ಕೆ ಕಾಯುತ್ತ ಕೂತೇ ಇದ್ದರು. ನಾನು ಹೇಳಲಿಲ್ಲ.