ಬಚ್ಚಲ ನೀರು ಹರಿದ ದಿಕ್ಕು

ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಸಂಡೂರಿನ ಮೊದಲ ಬಸ್ಸಿನಲ್ಲಿ ಅದಿರಿನ ಕೆಂಪು ಧೂಳು ಕುಡಿಯುತ್ತ ನಾನು ಹೊಸಪೇಟೆಗೆ ಬಂದಿಳಿದೆ. ಕಂಪ್ಲಿಯಿಂದ ಬರಬೇಕಾದ ಸೋದರತ್ತೆ ಗಂಗಮ್ಮ ಆಗಲೇ ನಿಲ್ದಾಣದಲ್ಲಿ ಕೂತು ಮಂಡಕ್ಕಿ ಒಗ್ಗರಣೆ ಮುಗಿಸುತ್ತಿದ್ದಳು. ಎಂಬತ್ತು ದಾಟಿದ ಹೆಂಗಸು. ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಬಂದ ಖುಷಿ ಮುಖದ ತುಂಬ ಇತ್ತು. ಪಕ್ಕದಲ್ಲಿ ಐದು ಲೀಟರಿನ ನೀರಿನ ಕ್ಯಾನು.

"ಕುಡಿಯಾಕ ತಂದಿಯೇನತ್ತಿ?" ಎಂದೆ.

"ಕುಡಿದಿ ಅಂದ್ರ ನೋಡು ಮಂಜ್ಯಾ! ಅದು ಸಾಕ್ಷಿಗೆ ತಂದಿದ್ದು."

ಅತ್ತೆ ಹುಟ್ಟಿದ ಊರು ತುಂಗಭದ್ರಾ ಜಲಾಶಯದ ತಳದಲ್ಲಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಮಾತ್ರ ಅದರ ಅಡಿಪಾಯಗಳು ಕಾಣುತ್ತವೆ. ಅಣೆಕಟ್ಟು ಬಂದಾಗ ನಮ್ಮವರು ಕಂಪ್ಲಿಗೆ ಹೋದರು, ಪಕ್ಕದ ಮನೆಯವರು ಹೊಸಪೇಟೆಗೆ. ಮುಳುಗದೆ ಉಳಿದದ್ದು ಎರಡು ಮನೆಗಳ ಜಗಳವೊಂದೇ. ನಮ್ಮ ಬಚ್ಚಲ ನೀರು ತಮ್ಮ ಅಂಗಳಕ್ಕೆ ಬರುತ್ತದೆ ಎಂದು ಅವರು. ಇಲ್ಲ, ನೆಟ್ಟಗೆ ಓಣಿಗೆ ಹೋಗುತ್ತದೆ ಎಂದು ನಮ್ಮಜ್ಜ. ಅದು ತೀರ್ಮಾನವಾಗುವ ಮೊದಲೇ ಹೊಳೆ ಇಬ್ಬರ ಅಂಗಳಕ್ಕೂ ಬಂತು.

ಆ ಮನೆಯ ಶರಣಮ್ಮ ಚಿಕ್ಕಂದಿನಲ್ಲಿ ಅತ್ತೆಯ ಜೀವದ ಗೆಳತಿ. ದೊಡ್ಡವರ ಜಗಳದಲ್ಲಿ ಹುಡುಗಿಯರ ಮಾತೂ ನಿಂತಿತು. ಹೋದ ತಿಂಗಳು ಒಂದು ಮದುವೆಯಲ್ಲಿ ಇಬ್ಬರೂ ಎದುರಾಬದುರು ಊಟಕ್ಕೆ ಕೂತಾಗ ಶರಣಮ್ಮ ಎಲೆಯ ಕಡೆ ನೋಡುತ್ತ, "ತಪ್ಪು ಯಾರದು ಅಂತ ನೋಡಿ, ತಪ್ಪಿದ್ದವ್ರು ಮೊದ್ಲು ಬಂದು ಮಾತಾಡ್ಲಿ" ಎಂದಳಂತೆ. ಅಂದಿನಿಂದ ಅತ್ತೆಗೆ ನಿದ್ದೆಯಿಲ್ಲ. "ಮುಂದಿನ ಬ್ಯಾಸಗಿಗೆ ನಾ ಇರ್ತೀನೋ, ಆಕಿ ಇರ್ತಾಳೋ. ಒಮ್ಮೆ ಆಕಿ ಬಾಯಾಗ ಗಂಗೀ ಅನ್ನಿಸ್ಕೋಬೇಕು," ಎಂದು ಬಸ್ ನಿಲ್ದಾಣದಲ್ಲೇ ಕಣ್ಣೊರೆಸಿಕೊಂಡಳು.

ಮುಳುಗಿದ ಊರಿಗೆ ದಾರಿ ತೋರಿಸಲು ಹಂಪಿಯಿಂದ ನನ್ನ ಗೆಳೆಯ ಪಂಪಣ್ಣ ಬಂದ. ಇಪ್ಪತ್ತು ವರ್ಷದಿಂದ ಗೈಡು. ಆಟೋದವನು ನಾನೂರು ರೂಪಾಯಿ ಕೇಳಿ, ಅತ್ತೆಯ ಬಾಯಿಗೆ ಹೆದರಿ ಮುನ್ನೂರಕ್ಕೆ ಒಪ್ಪಿ, ಹಿನ್ನೀರಿನ ದಂಡೆಗೆ ಬಿಟ್ಟ. ಅಲ್ಲಿಂದ ಎರಡು ಕಿಲೋಮೀಟರು ನಡಿಗೆ. ಬಿರುಕು ಬಿಟ್ಟ ಕೆಸರು, ಕಾಲಡಿ ಪುಡಿಯಾಗುವ ಚಿಪ್ಪು, ಒಣಗಿದ ಮೀನುಬಲೆ, ಒಂಬತ್ತಕ್ಕೇ ತಲೆ ಸುಡುವ ಬಿಸಿಲು. ಹಳೆಯ ಬಂಡಿದಾರಿಯ ಗುರುತು ಮಾತ್ರ ಇನ್ನೂ ಇತ್ತು. ಅತ್ತೆ ಕೋಲೂರುತ್ತ ಮುಂದೆ, ಕ್ಯಾನು ಹೊತ್ತ ನಾನು ಹಿಂದೆ.

ಪಂಪಣ್ಣನಿಗೆ ಕಲ್ಲು ಕಂಡರೆ ಬಾಯಿ ಸುಮ್ಮನಿರದು. ನೆಲದಲ್ಲಿ ಹೂತಿದ್ದ ಉದ್ದನೆಯ ತೊಟ್ಟಿಯ ಮುಂದೆ ನಿಂತು, "ಇದು ರಾಣಿಯರ ಸ್ನಾನದ ತೊಟ್ಟಿ ಇರಬೇಕ್ರಿ" ಎಂದ.

"ಯಾವ ರಾಣಿನೋ? ನಮ್ಮ ಎಮ್ಮಿ ನೀರು ಕುಡಿಯೋ ಬಾನಿ ಅದು. ಕೊಂಬು ತಾಗಿ ಅಂಚು ಒಡದೈತಿ ನೋಡು," ಎಂದ ಅತ್ತೆ ಅಲ್ಲಿಂದ ಹೆಜ್ಜೆ ಎಣಿಸಿ, ಕೋಲಿನಿಂದ ಹೂಳು ಕೆದರಿ, ಬಚ್ಚಲ ಕಲ್ಲನ್ನು ಪತ್ತೆಹಚ್ಚಿದಳು. ಅದಕ್ಕೆ ಸೇರಿದ ಕಲ್ಲಿನ ಗಟಾರವೂ ಸಿಕ್ಕಿತು. ಅರ್ಧ ಗಂಟೆ ಕೈಯಿಂದ ಬಗೆದು ಸ್ವಚ್ಛ ಮಾಡಿದೆವು.

"ಹಾಕು ನೀರು," ಎಂದಳು ಅತ್ತೆ.

ಹಾಕಿದೆ. ನೀರು ಬಚ್ಚಲಲ್ಲಿ ಕೊಂಚ ನಿಂತು, ಗಟಾರಕ್ಕಿಳಿದು, ಎಡಕ್ಕೆ ಹೊರಳಿ, ಸೀದಾ ಶರಣಮ್ಮನ ಅಂಗಳಕ್ಕೆ ಹೋಯಿತು.

"ಇನ್ನೊಮ್ಮಿ ಹಾಕು."

ಮತ್ತೆ ಅಲ್ಲಿಗೇ ಹೋಯಿತು. ಮೂರನೆಯ ಸಲಕ್ಕೆ ಕ್ಯಾನು ಖಾಲಿ. ಮೂವರಿಗೂ ಗಂಟಲು ಒಣಗಿತ್ತು. ಪಂಪಣ್ಣನಿಗೆ ಪಾಪ ಅನಿಸಿತು. "ಅವ್ವಾ, ಇಷ್ಟು ವರ್ಷದ ನೀರಿನ ಭಾರಕ್ಕ ಕಲ್ಲು ವಾಲಿರಬೇಕ್ರಿ. ಆಗ ಸರಿ ಇದ್ದೀತು," ಎಂದ.

ಅತ್ತೆ ಕೋಲಿನ ತುದಿಯಿಂದ ಕಲ್ಲನ್ನು ಕುಟ್ಟಿ ನೋಡಿದಳು. ಅವನ ಮಾತನ್ನು ಒಪ್ಪಿಕೊಂಡುಬಿಡುತ್ತಾಳೆ ಅಂದುಕೊಂಡೆ.

"ಆ ಕತಿ ನಿನ್ನ ಟೂರಿಸ್ಟರಿಗೆ ಹೇಳು," ಎಂದಳು. "ನಮ್ಮಪ್ಪ ಸುಳ್ಳು ಹೇಳಿದ್ದ. ನಡೀರಿ ಹೊಸಪ್ಯಾಟಿಗೆ."

ನನಗೆ ಅವಳ ಬಗ್ಗೆ ಅಂದಿನಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ಪಂಪಣ್ಣ ಹಂಪಿ ಬಸ್ಸು ಹತ್ತಿದ. ನಾವು ಶರಣಮ್ಮನ ಮನೆ ಮುಟ್ಟಿದಾಗ ಮಧ್ಯಾಹ್ನ. ಕಾಲಿಗೆಲ್ಲ ಕೆಸರು ಮೆತ್ತಿಕೊಂಡು ಬಾಗಿಲಲ್ಲಿ ನಿಂತ ಅತ್ತೆ ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತನ್ನೆಲ್ಲ ಮರೆತಳು. "ನಮ್ದು... ಬಚ್ಚಲ ನೀರು... ನಿಮ್ಮ ಅಂಗಳಕ್ಕ..." ಎಂದು ತಡವರಿಸಿದಳು.

ಒಳಗಿನಿಂದ ಶರಣಮ್ಮ ಗೋಡೆ ಹಿಡಿದು ಎದ್ದು ಬಂದಳು. "ಹೋದ ಬ್ಯಾಸಗ್ಯಾಗ ನಾನೂ ಕೊಡ ತಗೊಂಡು ಹೋಗಿ, ನೀರು ಹಾಕಿ ನೋಡಿ ಬಂದೀನಿ ಗಂಗೀ. ನೀ ಇವತ್ತು ಬರ್ತಿ, ನಾಳಿ ಬರ್ತಿ ಅಂತ ಬಾಗಿಲು ನೋಡ್ಕೋತ ಕುಂತಿದ್ದೆ. ಬಾ, ಚಾ ಕುಡಿ."

ಸಂಜೆ ನಾನು ಸಂಡೂರಿಗೆ ಹೊರಟೆ. ಅತ್ತೆ ಬರಲೊಲ್ಲೆ ಎಂದಳು. ಓಣಿಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಅತ್ತೆ ಚಹಾ ಲೋಟ ತೊಳೆದು, ಆ ನೀರನ್ನು ಕೈಯಲ್ಲಿ ಹಿಡಿದು, ಎಲ್ಲಿ ಚೆಲ್ಲಲಿ ಎಂದು ಅತ್ತಿತ್ತ ನೋಡುತ್ತ ನಿಂತಿದ್ದಳು.

"ಇಲ್ಲೇ ಅಂಗಳಕ್ಕ ಚೆಲ್ಲು ಗಂಗೀ," ಎಂದಳು ಶರಣಮ್ಮ. "ನಿಮಗದು ರೂಢಿ ಐತಲ್ಲ."