ಆದಿತ್ಯವಾರದ ಡ್ಯೂಟಿಗೆ ಗಿರಿಜಕ್ಕನ ಸಾಕ್ಷಿ

ಮಹಾಜನರೇ, ಮುಂದೆ ಕುಳಿತವರೇ, ಹಿಂದೆ ನಿಂತವರೇ, ಇಂದು ಮೂಡುಬಿದಿರೆಯ ಆಸ್ಪತ್ರೆಯೊಂದರ ಗೇಟಿನಲ್ಲಿ ನಡೆದದ್ದನ್ನು ಕೇಳಿರಿ!

ಅಲ್ಲಿ ನಾನು ಏಜೆನ್ಸಿಯ ಮೂಲಕ ಸೇರಿದ ಸೆಕ್ಯುರಿಟಿ. ಈ ಸಲದ ಸಂಬಳದಲ್ಲಿ ಆದಿತ್ಯವಾರಗಳೆಲ್ಲ ಮಾಯ! ಕೇಳಿದ್ದಕ್ಕೆ ಬಂಟ್ವಾಳದಿಂದ ಏಜೆನ್ಸಿಯ ಸೂಪರ್‌ವೈಸರ್ ಬಂದರು.

"ಆದಿತ್ಯವಾರ ನೀವು ಹಾಜರಿ ಮೆಷಿನಿಗೆ ಹೆಬ್ಬೆಟ್ಟು ಒತ್ತಲೇ ಇಲ್ಲ. ಬಂದದ್ದಕ್ಕೆ ಸಾಕ್ಷಿ ಉಂಟಾ?"

"ಸಾರ್, ಮೆಷಿನ್ ಇರುವ ಕೋಣೆಗೆ ಆ ದಿನ ಬೀಗ!"

"ಎಲ್ಲರೂ ಹೀಗೇ ಹೇಳುವುದು."

ದುಡಿದೂ ಸುಳ್ಳನಾಗಿ ನಿಂತೆ. ಆಗ ಬಂತು ನೋಡಿ ಸ್ಕೂಟರ್! ಕ್ಯಾಂಟೀನಿಗೆ ಮೀನು ತರುವ ಬೆಳುವಾಯಿಯ ಗಿರಿಜಕ್ಕ. ಸ್ಕೂಟರನ್ನು ಒಳಗೆ ಬಿಡುವುದಿಲ್ಲವೆಂದು ನಮ್ಮಿಬ್ಬರಿಗೂ ದಿನವೂ ಯುದ್ಧ. ಸೂಪರ್‌ವೈಸರ್ ಹೇಳಿದ್ದು ಕಿವಿಗೆ ಬಿದ್ದದ್ದೇ ತಡ, ಅಕ್ಕ ಗುಡುಗಿದರು:

"ಇವ ಇರ್ಲಿಲ್ವಾ? ಪ್ರತಿ ಆದಿತ್ಯವಾರ ನನ್ನನ್ನು ಇಲ್ಲಿ ತಡೆದು ಜೀವ ತಿಂದದ್ದು ಮತ್ತೆ ಯಾರು ಮಾರಾಯ್ರೆ, ನಿಮ್ಮ ಅಜ್ಜನಾ?"

ಸೂಪರ್‌ವೈಸರ್ ನಿಂತಲ್ಲಿಂದಲೇ ಆಫೀಸಿಗೆ ಫೋನ್ ಮಾಡಿದರು. ಸಂಜೆಗೆ ಬಾಕಿ ಸಂಬಳ ಖಾತೆಗೆ ಬಿತ್ತು.

ಗಿರಿಜಕ್ಕಾ, ನಿಮ್ಮ ಬೈಗುಳಕ್ಕೆ ಕೋಟಿ ನಮಸ್ಕಾರ! ನಾಳೆ ಬೆಳಿಗ್ಗೆ ನೀವು ಬರುವಾಗ ಎದ್ದು ನಿಂತು ಸೆಲ್ಯೂಟ್ ಹೊಡೆಯುತ್ತೇನೆ. ಮೀನಿನ ಪೆಟ್ಟಿಗೆಯನ್ನು ನಾನೇ ಹೊತ್ತು ಕ್ಯಾಂಟೀನಿಗೆ ಮುಟ್ಟಿಸುತ್ತೇನೆ. ಸ್ಕೂಟರನ್ನು ಮಾತ್ರ ಒಳಗೆ ಬಿಡುವುದಿಲ್ಲ.