ಮುದ್ರೆ ಒತ್ತಿದ ಚೀಟಿ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ವಯಸ್ಸಾದ ಮೇಲೆ ಸ್ವಲ್ಪ ಇಳಿದಿದೆ ಎಂದು ಮನೆಯವರು ಹೇಳುತ್ತಾರೆ, ನಾನು ನಂಬುವುದಿಲ್ಲ. ಜೆಪ್ಪುವಿನ ಒಂದು ಪ್ರಾಥಮಿಕ ಶಾಲೆಗೆ ಟೀಚರಾಗಿ ಸೇರಿದ ಮೊದಲ ವರ್ಷ ಆ ಸಿಟ್ಟು ಇಲ್ಲದೇ ಹೋಗಿದ್ದರೆ ಒಬ್ಬಳು ಹುಡುಗಿಯ ಹೆಸರು ಹಾಜರಿ ಪುಸ್ತಕದಿಂದ ಅಳಿಸಿಹೋಗುತ್ತಿತ್ತು. ಅಳಿಸುವ ಹಾಗೆ ಮಾಡಿದವಳೂ ನಾನೇ. ಎರಡನ್ನೂ ಹೇಳಬೇಕು.

ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಅದು. ನನಗೆ ಇಪ್ಪತ್ತೆರಡು. ಮನೆಯಲ್ಲಿ ಕೊಂಕಣಿ, ಕ್ಲಾಸಿನಲ್ಲಿ ಕನ್ನಡ, ಗೇಟು ದಾಟಿದರೆ ತುಳು. ನನ್ನ ಎರಡನೇ ಕ್ಲಾಸಿನ ಮಕ್ಕಳಲ್ಲಿ ಮುಕ್ಕಾಲು ಪಾಲು ಹಂಚಿನ ಕಾರ್ಖಾನೆಗೆ ಹೋಗುವ ಹೆಂಗಸರ ಮಕ್ಕಳು. ಬೆಳಿಗ್ಗೆ ಕಾರ್ಖಾನೆ ಕೂಗಿದ ಕೂಡಲೇ ತಾಯಂದಿರು ಹೊರಡುತ್ತಿದ್ದರು. ಮಕ್ಕಳೂ ಅದೇ ಕೂಗಿಗೆ ಹೊರಟು, ನಾವು ಬೀಗ ತೆಗೆಯುವ ಮೊದಲೇ ಶಾಲೆಯ ಜಗಲಿಯಲ್ಲಿ ಕೂತಿರುತ್ತಿದ್ದರು.

ನಮ್ಮ ಹೆಡ್‌ಮಾಸ್ಟ್ರು ಕೆಟ್ಟವರಲ್ಲ, ನಿಯಮದ ಮನುಷ್ಯ. ಹಿಂದೊಮ್ಮೆ ಯಾರೋ ಒಬ್ಬ ತಂದೆ ಕುಡಿದು ಬಂದು ಕ್ಲಾಸಿನೊಳಗೇ ನುಗ್ಗಿ ಮಾಸ್ಟ್ರ ಅಂಗಿ ಹಿಡಿದು ಜಗ್ಗಿದನಂತೆ. ಅಂದಿನಿಂದ ತಂದೆತಾಯಿ ಜಗಲಿ ದಾಟಬಾರದು, ಟೀಚರುಗಳು ಮಕ್ಕಳ ಮನೆಗೆ ಹೋಗಬಾರದು. ಹೇಳುವುದೇನಾದರೂ ಇದ್ದರೆ ಚೀಟಿ ಬರೆದು, ಮಡಚಿ, ಅಂಟಿಸಿ, ಮೇಲೆ ಶಾಲೆಯ ದುಂಡು ಮುದ್ರೆ ಒತ್ತಿಸಿ ಮಗುವಿನ ಕೈಯಲ್ಲಿ ಕಳಿಸಬೇಕು. ಮಗು ಅದನ್ನು ತೆರೆಯಬಾರದು, ತೆರೆದರೆ ಬೆತ್ತ. ಸತತ ಹದಿನೈದು ದಿನ ಬಾರದ ಮಗುವಿನ ಹೆಸರನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಬೇಕು, ಅದೂ ನಿಯಮ. ಅಂಟು ಮಾತ್ರ ನಿಯಮದಲ್ಲಿರಲಿಲ್ಲ. ನನ್ನ ಬುತ್ತಿಯ ಎರಡು ಅಗುಳು ಅನ್ನ ಆ ಕೆಲಸ ಮಾಡುತ್ತಿತ್ತು.

ಎರಡನೇ ಕ್ಲಾಸಿಗೂ ಮೂರನೇ ಕ್ಲಾಸಿಗೂ ನಡುವೆ ಗೋಡೆ ಇರಲಿಲ್ಲ, ಬಿದಿರಿನ ತಟ್ಟಿ ಇತ್ತು. ಆ ಕಡೆ ಮಗ್ಗಿ ಹೇಳಿದರೆ ಈ ಕಡೆ ನನ್ನ ಪಾಠ ಮುಳುಗಿಹೋಗುತ್ತಿತ್ತು. ತಟ್ಟಿಯ ಪಕ್ಕ ಕೂರುತ್ತಿದ್ದ ಹುಡುಗಿ ಕಡ್ಡಿಯ ಹಾಗಿದ್ದಳು, ಎಣ್ಣೆ ಹಾಕಿ ಬಿಗಿದ ಎರಡು ಜಡೆ. ಆ ಕಡೆಯ ಮಾಸ್ಟ್ರು ಪ್ರಶ್ನೆ ಕೇಳಿ, ಅವರ ಮಕ್ಕಳು ಬಾಯಿ ಬಿಡದೆ ಕೂತಾಗ ಇವಳು ಈ ಕಡೆಯಿಂದ ಉತ್ತರ ಹೇಳಿಬಿಡುತ್ತಿದ್ದಳು. ಆಚೆಯಿಂದ ಮಾಸ್ಟ್ರು ನಗುತ್ತಿದ್ದರು. ನಾನು ಸುಳ್ಳು ಸುಳ್ಳೇ ಗದರಿಸುತ್ತಿದ್ದೆ. ಒಳಗೊಳಗೇ ನನಗೆ ಎಂತಹ ಹೆಮ್ಮೆ!

ಇವಳನ್ನು ದಸರಾ ರಜೆಯ ನಂತರ ಮೂರನೇ ಕ್ಲಾಸಿಗೆ ದಾಟಿಸಬೇಕೆಂದು ನಾನು ಹಟ ಹಿಡಿದೆ. ತಾಯಿ ಬಂದು ಒಪ್ಪಲಿ ಎಂದರು ಹೆಡ್‌ಮಾಸ್ಟ್ರು. ನಾನು ಚೀಟಿ ಬರೆದೆ. ಅದಕ್ಕೂ ಅವರು ಹುಬ್ಬೇರಿಸಿದರು, ಇಷ್ಟು ವರ್ಷ ಈ ಶಾಲೆಯಿಂದ ತಪ್ಪಿಗಲ್ಲದೆ ಬೇರೆ ಯಾವುದಕ್ಕೂ ಚೀಟಿ ಹೋದದ್ದಿಲ್ಲವಂತೆ. ಒಳ್ಳೆಯ ಸುದ್ದಿಯೂ ಒಮ್ಮೆ ಹೋಗಲಿ ಎಂದು ನಾನೇ ಮುದ್ರೆ ಎತ್ತಿ ಒತ್ತಿದೆ. ಹುಡುಗಿಯ ಕೈಗೆ ಕೊಟ್ಟಾಗ ಅವಳ ಮುಖ ಸಣ್ಣದಾಯಿತು. ನಾನು ನಕ್ಕೆ. ಮನೆಯಲ್ಲಿ ಗೊತ್ತಾದಾಗ ಕುಣಿಯುತ್ತಾಳೆ, ಈಗಲೇ ಹೇಳಿ ಯಾಕೆ ರುಚಿ ಕೆಡಿಸಬೇಕು ಎಂದುಕೊಂಡೆ. ಆ ನಗು ನೆನಪಾದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಮರುದಿನ ಅವಳು ಬರಲಿಲ್ಲ. ಜ್ವರ ಇರಬಹುದು ಎಂದುಕೊಂಡೆ. ಮೂರು ದಿನ, ನಾಲ್ಕು ದಿನ, ವಾರ. ಅವಳ ಪಕ್ಕದ ಮನೆಯ ಹುಡುಗಿಯನ್ನು ಕೇಳಿದರೆ ನೆಲ ನೋಡುತ್ತಾಳೆಯೇ ಹೊರತು ಜಪ್ಪಯ್ಯ ಅಂದರೂ ಮಾತಿಲ್ಲ. ಅವಳ ಕೈಯಲ್ಲೇ ಎರಡನೇ ಚೀಟಿ ಕಳಿಸಿದೆ, ಮತ್ತೆ ಅನ್ನದ ಅಗುಳು, ಮತ್ತೆ ದುಂಡು ಮುದ್ರೆ. ಅದಕ್ಕೂ ಉತ್ತರವಿಲ್ಲ. ಹದಿಮೂರನೇ ದಿನ ಹೆಡ್‌ಮಾಸ್ಟ್ರು ಹಾಜರಿ ಪುಸ್ತಕ ತಿರುವಿ, ಇನ್ನೆರಡು ದಿನ ನೋಡಿ ಹೊಡೆದುಹಾಕಿ ಎಂದು ಕೆಂಪು ಶಾಯಿಯ ಬಾಟಲಿ ನನ್ನ ಮುಂದೆ ಸರಿಸಿದರು. ನಾನು ಅದನ್ನು ಹಿಂದಕ್ಕೆ ಸರಿಸಿದೆ. ಮಧ್ಯಾಹ್ನ ಊಟದ ಗಂಟೆ ಹೊಡೆದ ಕೂಡಲೇ ಕೊಡೆ ಹಿಡಿದು ಹೊರಟೆ. ಟೀಚರುಗಳು ಮಕ್ಕಳ ಮನೆಗೆ ಹೋಗಬಾರದು ತಾನೆ, ಕಾರ್ಖಾನೆಗೆ ಹೋಗಬಾರದು ಎಂದು ಯಾರೂ ಹೇಳಿರಲಿಲ್ಲ.

ಗೇಟಿನ ಹೊರಗೆ ಹೆಂಗಸರು ಒಡೆದ ಹಂಚಿನ ರಾಶಿಯ ನೆರಳಿನಲ್ಲಿ ಗಂಜಿ ಉಣ್ಣುತ್ತಿದ್ದರು. ತಾಯಿಯ ಪಕ್ಕದಲ್ಲೇ ನನ್ನ ಹುಡುಗಿ, ಮೊಣಕೈವರೆಗೆ ಕೆಂಪು ಮಣ್ಣು. ನನ್ನನ್ನು ಕಂಡದ್ದೇ ತಾಯಿಯ ಬೆನ್ನ ಹಿಂದೆ ಸರಿದಳು. ತಾಯಿ ಕೈ ತೊಳೆದು ಎದ್ದು ನಿಂತರು. ನನಗಿಂತ ಏಳೆಂಟು ವರ್ಷ ದೊಡ್ಡವರು, ಗಂಡನಿಗೆ ಮೀನಿನ ದೋಣಿಯಲ್ಲಿ ಕೆಲಸ, ಮನೆಯ ಭಾರವೆಲ್ಲ ಇವರದೇ. ನಾವು ಮಾತಾಡಿದ್ದು ತುಳುವಿನಲ್ಲಿ. ಮಗಳನ್ನು ಯಾಕೆ ಕಳಿಸುತ್ತಿಲ್ಲ ಎಂದು ನಾನು ಸ್ವಲ್ಪ ಜೋರಾಗಿಯೇ ಕೇಳಿದೆ.

"ಇನ್ನು ಬರ್ಬೇಡ ಅಂತ ನೀವೇ ಹೇಳಿದ್ದಲ್ವಾ ಟೀಚರ್," ಎಂದರು ಅವರು. "ಒಂದಲ್ಲ, ಎರಡು ಸಲ."

ಸೊಂಟದ ಎಲೆಯಡಿಕೆ ಚೀಲದಿಂದ ನನ್ನ ಎರಡೂ ಚೀಟಿ ಹೊರಬಂದವು. ಮಡಚಿದ ಹಾಗೆಯೇ ಇದ್ದವು. ಅನ್ನದ ಅಂಟು ಒಣಗಿ ಗಟ್ಟಿಯಾಗಿತ್ತು, ಯಾರೂ ತೆರೆದಿರಲಿಲ್ಲ. ನನ್ನ ಪಿತ್ತ ನೆತ್ತಿಗೇರಿತು. ಓದಲು ಬಾರದಿದ್ದರೆ ಯಾರಿಂದಾದರೂ ಓದಿಸಬಾರದಿತ್ತೇ ಎಂದೆ.

"ಓದಿಸಿ ಎಂತ ಮಾಡುದು? ಮುದ್ರೆ ಉಂಟಲ್ಲ ಮೇಲೆ. ಕಾಲು ಹಿಡಿದ್ರೆ ಚೀಟಿ ಬದಲಾಗ್ತದಾ?"

ಪಕ್ಕದ ಹೆಂಗಸರು ನನಗೆ ಬಿಡಿಸಿ ಹೇಳಿದರು. ಆ ಕಾರ್ಖಾನೆಯಲ್ಲಿ ಆಳು ಬೇಡವಾದಾಗ ಮೇಸ್ತ್ರಿ ಬಾಯಿಬಿಟ್ಟು ಹೇಳುವ ಪದ್ಧತಿ ಇಲ್ಲ. ಸಂಜೆ ಗೇಟಿನಲ್ಲಿ ಲೆಕ್ಕ ಬರೆಯುವ ರೈಟರು ಮಡಚಿದ ಕಾಗದವೊಂದನ್ನು ಕೈಗಿಡುತ್ತಾನೆ, ಮೇಲೆ ದುಂಡು ಮುದ್ರೆ. ಒಳಗಿನದನ್ನು ಯಾರೂ ಓದುವುದಿಲ್ಲ. ಮುದ್ರೆ ಕಂಡರೆ ಮುಗಿಯಿತು, ನಾಳೆಯಿಂದ ಬರಬೇಡ. ಹೋದ ಮಳೆಗಾಲ ಈ ತಾಯಿಗೇ ಅಂಥದ್ದು ಸಿಕ್ಕಿತ್ತು. ನಾಲ್ಕು ದಿನ ಗೇಟಿನಲ್ಲಿ ನಿಂತು ಅತ್ತರೂ ಯಾರೂ ಕೇಳಲಿಲ್ಲ. ಮಳೆ ಬಿಟ್ಟ ಮೇಲೆ ಕಾರ್ಖಾನೆಯವರೇ ಕರೆದರು. ಅಂದಿನಿಂದ ಚೀಟಿಯ ಮುಂದೆ ಅಳಬಾರದು ಎಂದು ಈ ತಾಯಿ ಮನಸ್ಸು ಗಟ್ಟಿ ಮಾಡಿಕೊಂಡಿದ್ದರು. ನನ್ನ ಸಿಟ್ಟು ಯಾರ ಮೇಲೆ ಹೋಗಬೇಕೆಂದು ತಿಳಿಯದೆ ನನ್ನ ಮೇಲೆಯೇ ಬಂತು.

ಒಂದು ಚೀಟಿಯನ್ನು ಹುಡುಗಿಯ ಕಡೆ ಚಾಚಿ, ಓದಿ ಹೇಳು ಅಮ್ಮನಿಗೆ ಎಂದೆ. ಅವಳು ಕೈ ಹಿಂದೆ ಕಟ್ಟಿಕೊಂಡಳು.

"ನಾವು ತೆರೆಯುದಕ್ಕಿಲ್ಲ ಟೀಚರ್."

ನಾನೇ ಹರಿದು ಬಿಚ್ಚಿ ಅವಳ ಮುಂದೆ ಹಿಡಿದೆ. ಅಕ್ಷರ ಅಕ್ಷರ ಕೂಡಿಸಿ ಓದಿದಳು. ನಿಮ್ಮ ಮಗಳು ಎಲ್ಲರಿಗಿಂತ ಮುಂದಿದ್ದಾಳೆ, ತಟ್ಟಿಯ ಆಚೆಯ ಮೂರನೇ ಕ್ಲಾಸಿನ ಪ್ರಶ್ನೆಗಳಿಗೂ ಉತ್ತರ ಹೇಳುತ್ತಾಳೆ, ಅವಳನ್ನು ಮೂರನೇ ಕ್ಲಾಸಿಗೆ ದಾಟಿಸಲು ನಿಮ್ಮ ಒಪ್ಪಿಗೆ ಬೇಕು, ಒಮ್ಮೆ ಬನ್ನಿ. ಇಷ್ಟೇ ಇದ್ದದ್ದು. ಓದಿದ್ದನ್ನು ತುಳುವಿನಲ್ಲಿ ಹೇಳುತ್ತಾ ಹೋದವಳು ತಟ್ಟಿಯ ಮಾತು ಬಂದಲ್ಲಿ ನಿಂತುಬಿಟ್ಟಳು. ತಾಯಿ ನೆಲಕ್ಕೆ ಕೂತರು. ಆಮೇಲೆ ಅವರು ಹೇಳಿದ್ದನ್ನು ನಾನು ಮರೆತಿಲ್ಲ.

"ಎಂತ ತಪ್ಪು ಮಾಡಿದ್ದೀ ಹೇಳು ಅಂತ ಎರಡು ದಿನ ಹೊಡೆದಿದ್ದೇನೆ ಟೀಚರ್. ಮೊದಲು ಎಂತ ಇಲ್ಲ ಅಂದ್ಲು. ಮತ್ತೆ, ಮೂರನೇ ಕ್ಲಾಸಿನವರ ಉತ್ತರ ನಾನು ಹೇಳಿದೆ ಅಂತ ಒಪ್ಪಿಕೊಂಡ್ಲು. ಇನ್ನು ಹೇಳುದಿಲ್ಲ ಅಂತ ನನ್ನ ತಲೆ ಮುಟ್ಟಿ ಆಣೆ ಮಾಡಿದ್ಲು."

ನಾನು ಹೊಗಳಿದ ಮಾತನ್ನೇ ಈ ಮಗು ಹುಡುಕಿ ಹುಡುಕಿ ತನ್ನ ಅಪರಾಧ ಮಾಡಿಕೊಂಡಿತ್ತು. ಅವಳೆದುರು ಕೂತು, ತಪ್ಪು ನನ್ನದು ಎಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಅರ್ಧ ದಿನದ ಕೂಲಿ ಬಿಟ್ಟು ತಾಯಿ ಮಗಳನ್ನು ಕರೆತಂದರು. ಹೆಡ್‌ಮಾಸ್ಟ್ರದು ಇನ್ನೊಂದು ನಿಯಮ ಹೊರಬಂತು. ಹತ್ತು ದಿನ ಮೀರಿ ಬಾರದ ಮಗುವಿನ ಮನೆಯವರು ತಪ್ಪೊಪ್ಪಿಗೆಗೆ ಹೆಬ್ಬೆಟ್ಟು ಒತ್ತಬೇಕು. ತಾಯಿ ಕೂಡಲೇ ಬೆರಳು ಚಾಚಿದರು. ನಾನು ಅಡ್ಡ ನಿಂತೆ. ತಪ್ಪೊಪ್ಪಿಗೆಯನ್ನು ನಾನೇ ಬರೆದೆ, ಕೆಳಗೆ ನನ್ನದೇ ಸಹಿ ಹಾಕಿದೆ. ಟೀಚರು ತಪ್ಪೊಪ್ಪಿಕೊಂಡರೆ ಶಾಲೆಯ ಮರ್ಯಾದೆ ಎಲ್ಲಿ ಉಳಿಯುತ್ತದೆ ಎಂದು ಅವರು ಕೇಳಿದರು. ಮಗುವಿನ ಹೆಸರು ಹೊಡೆದುಹಾಕಿದರೆ ಎಲ್ಲಿ ಉಳಿಯುತ್ತದೆ ಎಂದು ನಾನು ಕೇಳಿದೆ. ಕೆಲಸ ಹೋದರೆ ಹೋಗಲಿ ಎಂದೇ ಬಂದಿದ್ದೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. ಆಮೇಲೆ ಹೆಸರು ಇರಲಿ ಎಂದರು. ಮೂರನೇ ಕ್ಲಾಸಿಗೆ ದಾಟಿಸುವುದನ್ನು ರಜೆಯ ನಂತರ ನೋಡೋಣ ಎಂದರು.

ಅಂದಿನಿಂದ ನಾನು ಮುದ್ರೆಯ ಚೀಟಿ ಕಳಿಸಲಿಲ್ಲ. ಶನಿವಾರ ಮಧ್ಯಾಹ್ನ ಕಾರ್ಖಾನೆಯ ಗೇಟಿಗೆ ನಾನೇ ಹೋಗಿ, ಒಬ್ಬೊಬ್ಬರ ಮಗುವಿನ ಬಗ್ಗೆ ಬಾಯಿಯಲ್ಲೇ ಹೇಳುತ್ತಿದ್ದೆ. ಒಳ್ಳೆಯದನ್ನು ಮೊದಲು ಹೇಳುತ್ತಿದ್ದೆ. ಹೆಡ್‌ಮಾಸ್ಟ್ರಿಗೆ ಗೊತ್ತಿತ್ತು, ಗೊತ್ತಿಲ್ಲದವರ ಹಾಗಿದ್ದರು.

ಆದರೆ ಹುಡುಗಿಯ ಬಾಯಿ ಕಟ್ಟಿಹೋಗಿತ್ತು. ಬರೆದು ತೋರಿಸುತ್ತಿದ್ದಳು, ಕೇಳಿದ್ದಕ್ಕೆ ಮೆಲ್ಲಗೆ ಉತ್ತರಿಸುತ್ತಿದ್ದಳು. ಆ ಕಡೆ ಮಾಸ್ಟ್ರು ಪ್ರಶ್ನೆ ಕೇಳಿದರೆ ಮಾತ್ರ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ನಾನು ಅವಳ ಜಾಗ ಬದಲಿಸಲಿಲ್ಲ. ಇಲ್ಲಿಯೇ ಮುಚ್ಚಿದ ಬಾಯಿ ಇಲ್ಲಿಯೇ ತೆರೆಯಬೇಕು ಎಂದು ಹಟ ಹಿಡಿದು ಕಾದೆ. ತಾಯಿಗೂ ಹೇಳಿದೆ, ಅವರು ಮಗಳನ್ನು ಆಣೆಯಿಂದ ಬಿಡಿಸಿದರು. ಆದರೂ ಸುದ್ದಿಯಿಲ್ಲ. ಒಂದು ತಿಂಗಳಾಯಿತು.

ದಸರಾ ರಜೆಗೆ ಮೂರು ದಿನ ಇರುವಾಗ ಆ ಕಡೆ ಮಾಸ್ಟ್ರು ಒಂಬತ್ತು ನಾಲ್ಕಲಿ ಎಷ್ಟು ಎಂದು ಕೇಳಿದರು. ಯಾರೂ ಹೇಳಲಿಲ್ಲ. ಮತ್ತೆ ಕೇಳಿದರು. ನಾನು ಬೋರ್ಡಿನ ಕಡೆ ತಿರುಗಿ ಬರೆಯುತ್ತಿದ್ದೆ. ಯಾರೋ ನನ್ನ ಸೀರೆಯ ಅಂಚು ಎಳೆದರು. ನೋಡಿದರೆ ಅವಳು, ಜಾಗ ಬಿಟ್ಟು ಎದ್ದು ಬಂದಿದ್ದಳು.

"ಉತ್ತರ ಹೇಳಿದ್ರೆ ಚೀಟಿ ಕೊಡ್ತೀರಾ ಟೀಚರ್?"

"ಇಲ್ಲ ಮಗಾ. ಕೊಡುದಿಲ್ಲ."

ಅವಳು ನನ್ನ ಮುಖವನ್ನು ಒಂದು ಗಳಿಗೆ ಪರೀಕ್ಷೆ ಮಾಡಿದಳು. ಆಮೇಲೆ ತಟ್ಟಿಯ ಹತ್ತಿರ ಹೋಗಿ, ಬಿದಿರಿಗೆ ಬಾಯಿ ತಾಗಿಸಿ, ಮೂವತ್ತಾರು ಎಂದು ಕೂಗಿದಳು.